ಒಂದು ರೋಧಕ ಮುರಿದರೆ ಕಿಟ್ ಎಸೆಯಬೇಕೇ?

ವಿದ್ಯಾರ್ಥಿಗಳೇ, ವಾಹಕ ಮತ್ತು ಅವಾಹಕಗಳ ಬಗ್ಗೆ ನೀವು ವಿಜ್ಞಾನ ಪಾಠದಲ್ಲಿ ಓದಿದ್ದೀರಿ. ಇವನ್ನು ಪರೀಕ್ಷಿಸಲು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಿಟ್ ಸಾಕು. ಅದರೊಳಗೆ ಒಂದು 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ ದೀಪ ಮತ್ತು ಒಂದು ರೋಧಕ ಇರುತ್ತವೆ. ಹೊರಗೆ ಎರಡು ತಂತಿಗಳು ಚಾಚಿರುತ್ತವೆ. ತಂತಿಗಳ ತುದಿಯನ್ನು ಕಬ್ಬಿಣದ ಮೊಳೆಗೆ ಮುಟ್ಟಿಸಿದರೆ ದೀಪ ಉರಿಯುತ್ತದೆ. ರಬ್ಬರಿಗೆ ಮುಟ್ಟಿಸಿದರೆ ಉರಿಯುವುದಿಲ್ಲ.

ಇಂತಹ ಕಿಟ್ ಕೈಯಿಂದ ಕೈಗೆ ಹೋಗುತ್ತದೆ, ಕೆಳಗೆ ಬೀಳುತ್ತದೆ. ಒಂದು ದಿನ ರೋಧಕದ ಕಾಲು ಬುಡದಲ್ಲೇ ಮುರಿಯುತ್ತದೆ. ತರಗತಿಗೆ ಇರುವುದು ಒಂದೇ ಕಿಟ್ ಆದರೆ ಎಲ್ಲರ ಪ್ರಯೋಗವೂ ಅಲ್ಲಿಗೇ ನಿಂತಂತೆ. ಆದರೆ ಹಾಳಾದದ್ದು ಇಡೀ ಕಿಟ್‌ನಲ್ಲಿ ಅತ್ಯಂತ ಅಗ್ಗದ ಭಾಗ. ಅದಕ್ಕೆ ತಕ್ಕ ಇನ್ನೊಂದನ್ನು ಹುಡುಕಿ ಹಾಕಬಹುದು. 'ತಕ್ಕ' ಎಂದರೆ ಯಾವುದು? ನೋಡಲು ಒಂದೇ ತರಹ ಇದ್ದರೆ ಸಾಕೇ? ಬನ್ನಿ, ತಿಳಿಯೋಣ.

ರೋಧಕದ ಕೆಲಸವೇನು?

ನಲ್ಲಿಯನ್ನು ಅರ್ಧ ತಿರುಗಿಸಿದರೆ ನೀರು ಕಡಿಮೆ ಬರುತ್ತದೆ. ರೋಧಕವೂ ಹಾಗೆಯೇ ವಿದ್ಯುತ್ ಪ್ರವಾಹವನ್ನು ಕಡಿಮೆ ಮಾಡುತ್ತದೆ. ಎಲ್‌ಇಡಿ ತಾನಾಗಿ ಪ್ರವಾಹವನ್ನು ಮಿತಿಯಲ್ಲಿ ಇಟ್ಟುಕೊಳ್ಳಲಾರದು. ರೋಧಕದ ಜಾಗದಲ್ಲಿ ಬರೀ ತಂತಿ ಜೋಡಿಸಿದರೆ ಎಲ್‌ಇಡಿ ಕ್ಷಣದಲ್ಲೇ ಸುಟ್ಟುಹೋಗುತ್ತದೆ. ಆಗ ಒಂದರ ಬದಲು ಎರಡು ಭಾಗಗಳು ಹಾಳಾಗುತ್ತವೆ!

ಬಣ್ಣಗಳನ್ನು ಓದಿ

ರೋಧವನ್ನು ಅಳೆಯುವ ಏಕಮಾನ ಓಮ್. ಚಿಕ್ಕ ರೋಧಕದ ಮೇಲೆ ಅಂಕಿ ಬರೆಯಲು ಜಾಗವಿಲ್ಲ. ಆದ್ದರಿಂದ ಬಣ್ಣದ ಪಟ್ಟಿಗಳಲ್ಲಿ ಅದರ ಬೆಲೆಯನ್ನು ತಿಳಿಸುತ್ತಾರೆ.

ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9.

ನಾಲ್ಕು ಪಟ್ಟಿಗಳ ರೋಧಕದಲ್ಲಿ ಮೊದಲ ಎರಡು ಪಟ್ಟಿಗಳು ಅಂಕಿಗಳು. ಅವುಗಳ ಮುಂದೆ ಎಷ್ಟು ಸೊನ್ನೆ ಹಾಕಬೇಕೆಂದು ಮೂರನೆಯ ಪಟ್ಟಿ ಹೇಳುತ್ತದೆ. ನಾಲ್ಕನೆಯದು ಬೆಲೆ ಎಷ್ಟು ಹೆಚ್ಚು ಕಡಿಮೆ ಇರಬಹುದೆಂದು ತಿಳಿಸುತ್ತದೆ. ಚಿನ್ನದ ಬಣ್ಣವಾದರೆ ನೂರಕ್ಕೆ 5, ಬೆಳ್ಳಿಯ ಬಣ್ಣವಾದರೆ ನೂರಕ್ಕೆ 10.

ಹಳದಿ, ನೇರಳೆ, ಕಂದು, ಚಿನ್ನ ಎಂದಿದ್ದರೆ 4, 7 ಮತ್ತು ಒಂದು ಸೊನ್ನೆ. ಅಂದರೆ 470 ಓಮ್. ಮೂರನೆಯ ಪಟ್ಟಿ ಕಂದು ಬದಲು ಕಪ್ಪಾಗಿದ್ದರೆ ಸೊನ್ನೆಯೇ ಇಲ್ಲ. ಅದು ಬರೀ 47 ಓಮ್! ಕಂದು, ಕಪ್ಪು ಬಣ್ಣಗಳನ್ನು ಮಂದ ಬೆಳಕಿನಲ್ಲಿ ಗುರುತಿಸುವುದು ಕಷ್ಟ. ಹಗಲು ಬೆಳಕಿನಲ್ಲೇ ನೋಡಿ.

ಬಣ್ಣ ಅಳಿಸಿಹೋಗಿದ್ದರೆ?

ಆಗಲೂ ದಾರಿಯಿದೆ. ಶಾಲಾ ಶಿಕ್ಷಕರಾಗಿದ್ದ ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮ ನೆರವಿಗೆ ಬರುತ್ತದೆ.

ರೋಧ = ವೋಲ್ಟ್ ÷ ಆಂಪೇರ್

ನಮ್ಮ ಕಿಟ್‌ನ ಲೆಕ್ಕ ಹೀಗಿದೆ:

1. ಬ್ಯಾಟರಿ 9 ವೋಲ್ಟ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ. ರೋಧಕಕ್ಕೆ ಉಳಿಯುವುದು 7 ವೋಲ್ಟ್.
2. ದೀಪ ಚೆನ್ನಾಗಿ ಉರಿಯಲು 15 ಮಿಲಿ ಆಂಪೇರ್, ಅಂದರೆ 0.015 ಆಂಪೇರ್ ಸಾಕು.
3. 7 ÷ 0.015 = ಸುಮಾರು 467 ಓಮ್.

ಅಂಗಡಿಯಲ್ಲಿ 467 ಓಮ್ ರೋಧಕ ಕೇಳಿದರೆ ಸಿಗುವುದಿಲ್ಲ. ಸಾಮಾನ್ಯವಾಗಿ ಸಿಗುವ ಬೆಲೆಗಳು ಇವು: 100, 120, 150, 180, 220, 270, 330, 390, 470, 560, 680, 820. ಈ ಅಂಕಿಗಳು ವಿಚಿತ್ರವಾಗಿವೆ, ಅಲ್ಲವೇ? ಪ್ರತಿಯೊಂದು ಬೆಲೆಯೂ ಹಿಂದಿನದರ ಸುಮಾರು 1.2 ಪಟ್ಟು. ನೂರಕ್ಕೆ 10 ಹೆಚ್ಚು ಕಡಿಮೆ ಇರಬಹುದಾದ 390 ಓಮ್ ರೋಧಕ 429ರವರೆಗೂ ಹೋಗಬಹುದು. ಅಂತಹದೇ 470 ಓಮ್ ರೋಧಕ 423ರವರೆಗೂ ಇಳಿಯಬಹುದು. ಎರಡರ ವ್ಯಾಪ್ತಿಯೂ ಒಂದನ್ನೊಂದು ಮುಟ್ಟುವುದರಿಂದ ನಡುವೆ ಇನ್ನೊಂದು ಬೆಲೆ ಬೇಕಾಗಿಲ್ಲ. ನಮ್ಮ ಲೆಕ್ಕಕ್ಕೆ ಹತ್ತಿರವಾದದ್ದು 470.

470 ಸಿಗದಿದ್ದರೆ?

ಸಾಮಾನ್ಯ ಚಿಕ್ಕ ಎಲ್‌ಇಡಿಗೆ 20 ಮಿಲಿ ಆಂಪೇರ್ ಮೀರಬಾರದು. 7 ÷ 0.02 = 350. ಆದ್ದರಿಂದ ರೋಧ 350 ಓಮ್‌ಗಿಂತ ಕಡಿಮೆ ಆಗಬಾರದು. ಈಗ ಈ ಪಟ್ಟಿ ನೋಡಿ:

47 ಓಮ್: ಸುಮಾರು 149 ಮಿಲಿ ಆಂಪೇರ್. ಎಲ್‌ಇಡಿ ಸುಡುತ್ತದೆ.
330 ಓಮ್: ಸುಮಾರು 21 ಮಿಲಿ ಆಂಪೇರ್. ಮಿತಿ ಮೀರಿತು, ಬೇಡ.
390 ಓಮ್: ಸುಮಾರು 18 ಮಿಲಿ ಆಂಪೇರ್. ಆಗಬಹುದು.
560 ಓಮ್: 12.5 ಮಿಲಿ ಆಂಪೇರ್. ಬೆಳಕು ತುಸು ಕಡಿಮೆ, ಆದರೆ ಸುರಕ್ಷಿತ.

ಎರಡು ರೋಧಕಗಳನ್ನು ಸೇರಿಸಿಯೂ ಬೇಕಾದ ಬೆಲೆ ಪಡೆಯಬಹುದು. 220 ಓಮ್‌ನ ಎರಡನ್ನು ಒಂದರ ಹಿಂದೆ ಒಂದು, ಅಂದರೆ ಸರಣಿಯಲ್ಲಿ ಜೋಡಿಸಿದರೆ 440 ಓಮ್. 1000 ಓಮ್‌ನ ಎರಡನ್ನು ಅಕ್ಕಪಕ್ಕ, ಅಂದರೆ ಸಮಾಂತರವಾಗಿ ಜೋಡಿಸಿದರೆ 500 ಓಮ್. ಬಸ್ಸಿಗೆ ಎರಡು ಬಾಗಿಲುಗಳಿದ್ದರೆ ಜನ ಬೇಗ ಇಳಿಯುವುದಿಲ್ಲವೇ? ಹಾಗೆಯೇ ಎರಡು ದಾರಿಗಳಿದ್ದರೆ ರೋಧ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯವನ್ನೂ ನೋಡಬೇಕು. ಪ್ರವಾಹ ಹರಿದಾಗ ರೋಧಕ ಬಿಸಿಯಾಗುತ್ತದೆ. ನಮ್ಮ ಕಿಟ್‌ನಲ್ಲಿ 7 × 0.015 = 0.105 ವ್ಯಾಟ್. ಕಾಲು ವ್ಯಾಟ್ ಎಂದರೆ 0.25 ವ್ಯಾಟ್. ಆದ್ದರಿಂದ ಕಾಲು ವ್ಯಾಟ್‌ನ ರೋಧಕ ಧಾರಾಳವಾಗಿ ಸಾಕು. ಅರ್ಧ ವ್ಯಾಟ್‌ನದೂ ಆಗುತ್ತದೆ, ಗಾತ್ರ ಮಾತ್ರ ದೊಡ್ಡದು.

ಆದರೆ ಎಲ್ಲ ಕಿಟ್‌ಗಳಿಗೂ ಈ ರಿಯಾಯಿತಿ ಇಲ್ಲ. ಸ್ವರ ಹೊರಡಿಸುವ ಅಥವಾ ಸಮಯ ಎಣಿಸುವ ಕಿಟ್‌ಗಳಲ್ಲಿ ರೋಧ ಬದಲಾದರೆ ಸ್ವರವೂ ಸಮಯವೂ ಬದಲಾಗಬಹುದು. ಅಲ್ಲಿ ಮೊದಲಿದ್ದ ಬೆಲೆಯನ್ನೇ ಹಾಕಿ.

ಎಲ್ಲಿ ಹುಡುಕುವುದು?

ಬೆಂಗಳೂರಿನ ಪೂರ್ವ ಭಾಗಕ್ಕೆ ಎಲೆಕ್ಟ್ರಾನಿಕ್ಸ್ ಹೊಸದಲ್ಲ. ಕೆ.ಆರ್. ಪುರದ ಬಳಿಯ ದೂರವಾಣಿನಗರದ ಹೆಸರಿನಲ್ಲೇ ಟೆಲಿಫೋನ್ ಇದೆ. 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐ.ಟಿ.ಐ. ಕಾರ್ಖಾನೆ ಇರುವುದು ಅಲ್ಲಿಯೇ. ಇಂದಿರಾನಗರದ ಆಚೆ ಸಿ.ವಿ. ರಾಮನ್ ನಗರದಲ್ಲಿ ರೇಡಾರ್‌ಗಳನ್ನು ರೂಪಿಸುವ ಎಲ್.ಆರ್.ಡಿ.ಇ. ಸಂಸ್ಥೆ ಇದೆ. ಟೆಲಿಫೋನ್ ಇರಲಿ, ರೇಡಾರ್ ಇರಲಿ, ರೋಧಕವಿಲ್ಲದೆ ನಡೆಯುವುದಿಲ್ಲ.

ಹಲಸೂರು, ಇಂದಿರಾನಗರ ಅಥವಾ ಕೆ.ಆರ್. ಪುರದಲ್ಲಿ ನಿಮ್ಮ ಮನೆಯ ಹತ್ತಿರ ಟಿ.ವಿ., ರೇಡಿಯೊ ರಿಪೇರಿ ಅಂಗಡಿ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. 'ರೋಧಕ' ಎಂಬ ಪುಸ್ತಕದ ಮಾತು ಅಲ್ಲಿ ತಿಳಿಯದೇ ಹೋಗಬಹುದು. "ಅಣ್ಣಾ, ಫೋರ್ ಸೆವೆಂಟಿ ಓಮ್, ಕ್ವಾರ್ಟರ್ ವ್ಯಾಟ್ ರೆಸಿಸ್ಟರ್ ಇದೆಯಾ?" ಎಂದು ಕೇಳಿ. ಅಲ್ಲಿ ಸಿಗದಿದ್ದರೆ ಮಾರ್ಕೆಟ್ ಕಡೆಯ ಎಸ್.ಪಿ. ರಸ್ತೆಯ ಅಂಗಡಿಗಳಿವೆ. ದೊಡ್ಡವರ ಜೊತೆ ಹೋಗಿ.

ಶಿವಾಜಿನಗರದ ಗುಜರಿಯಲ್ಲಿ ಹಳೆಯ ಯಂತ್ರಗಳ ಭಾಗಗಳು ಸಿಗುತ್ತವೆ. ಹಳೆಯ ಬೋರ್ಡಿನಿಂದ ತೆಗೆದ ರೋಧಕವೂ ಕೆಲಸಕ್ಕೆ ಬರುತ್ತದೆ. ಆದರೆ ಅದನ್ನು ನೀವೇ ಒಡೆದು ತೆಗೆಯಬೇಡಿ. ಹಳೆಯ ಬೆಸುಗೆಯಲ್ಲಿ ಸೀಸ ಇರುತ್ತದೆ. ಬೋರ್ಡ್ ಸುಟ್ಟರೆ ಬರುವ ಹೊಗೆ ವಿಷಕಾರಿ. ಎಸೆದ ಕಿಟ್ ಕೊನೆಗೆ ಸೇರುವುದು ಇಂತಹ ಇ-ತ್ಯಾಜ್ಯದ ರಾಶಿಗೇ. ಕಿಟ್ ರಿಪೇರಿ ಮಾಡಲು ಇದೂ ಒಂದು ಕಾರಣ.

ಹಾಕುವ ಮುನ್ನ ನೆನಪಿಡಿ

• ಮೊದಲು ಬ್ಯಾಟರಿ ತೆಗೆಯಿರಿ.
• ಮಲ್ಟಿಮೀಟರ್ ಇದ್ದರೆ ಹೊಸ ರೋಧಕವನ್ನು ಅಳೆದು ಖಚಿತಪಡಿಸಿಕೊಳ್ಳಿ.
• ಹಳೆಯ ರೋಧಕ ಸುಟ್ಟು ಕಪ್ಪಾಗಿದ್ದರೆ ಸುಟ್ಟದ್ದೇಕೆ ಎಂದು ಮೊದಲು ಹುಡುಕಿ. ಇಲ್ಲದಿದ್ದರೆ ಹೊಸದೂ ಸುಡುತ್ತದೆ.
• ರೋಧಕಕ್ಕೆ ಹಿಂದು ಮುಂದು ಇಲ್ಲ, ಹೇಗೆ ಹಾಕಿದರೂ ಸರಿ. ಎಲ್‌ಇಡಿಯನ್ನು ಮಾತ್ರ ತಿರುಗಿಸಿ ಹಾಕಬಾರದು.
• ಬೆಸುಗೆ ಹಾಕುವ ಕೆಲಸ ಶಿಕ್ಷಕರದ್ದು.
• ಕಿಟ್‌ನ ತಂತಿಗಳನ್ನು ಗೋಡೆಯ ಪ್ಲಗ್ಗಿಗೆ ಎಂದಿಗೂ ಹಾಕಬೇಡಿ. ಅಲ್ಲಿ 230 ವೋಲ್ಟ್ ಇದೆ, ಪ್ರಾಣಾಪಾಯ!

ಎಲ್ಲ ಮುಗಿದ ಮೇಲೆ ಬ್ಯಾಟರಿ ಹಾಕಿ, ಎರಡೂ ತಂತಿಗಳ ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ. ದೀಪ ಉರಿದರೆ ಕಿಟ್ ಮತ್ತೆ ತರಗತಿಗೆ ಸಿದ್ಧ.

ಉತ್ತರಿಸಿ

1. ಕಿಟ್‌ಗೆ 9 ವೋಲ್ಟ್ ಬದಲು 6 ವೋಲ್ಟ್ ಬ್ಯಾಟರಿ ಹಾಕಿದರೆ, 15 ಮಿಲಿ ಆಂಪೇರ್ ಹರಿಯಲು ಯಾವ ರೋಧಕ ಬೇಕು?
2. ಆ ರೋಧಕದ ಮೊದಲ ಮೂರು ಪಟ್ಟಿಗಳ ಬಣ್ಣ ಯಾವುವು?
3. ನಿಮ್ಮ ಬಳಿ 100 ಓಮ್‌ನ ರೋಧಕಗಳು ಮಾತ್ರ ಇವೆ. 9 ವೋಲ್ಟ್‌ನ ಕಿಟ್ ರಿಪೇರಿ ಮಾಡುವುದು ಹೇಗೆ?

ಉತ್ತರಗಳು: 1. 4 ÷ 0.015 = ಸುಮಾರು 267, ಆದ್ದರಿಂದ 270 ಓಮ್. 2. ಕೆಂಪು, ನೇರಳೆ, ಕಂದು. 3. ಐದನ್ನು ಸರಣಿಯಲ್ಲಿ ಜೋಡಿಸಿದರೆ 500 ಓಮ್. ನಾಲ್ಕನ್ನು ಜೋಡಿಸಿದರೂ 400 ಓಮ್ ಆಗುತ್ತದೆ, ಅದೂ ಸುರಕ್ಷಿತ.