ಬ್ರೇಕು ಬೇಕೋ, ಬೇಡವೋ?

ಎರಡು ಮಳೆಗಾಲಗಳ ಹಿಂದಿನ ಮಾತು. ಶಾಲೆ ಬಿಟ್ಟ ಹೊತ್ತು. ನಮ್ಮ ಶಾಲೆಯ ಗೇಟಿನಿಂದ ಬಸ್ಸು ನಿಲ್ಲುವಲ್ಲಿಯವರೆಗಿನ ಇಳಿಜಾರು ನಿಮಗೆಲ್ಲರಿಗೂ ಗೊತ್ತು. ಒಂದು ಬದಿಗೆ ಮುರಕಲ್ಲಿನ ಗೋಡೆ, ಇನ್ನೊಂದು ಬದಿಗೆ ಅಡಿಕೆ ತೋಟ, ನಡುವೆ ಕಿರಿದಾದ ಡಾಂಬರು ದಾರಿ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚಿಕ್ಕ ಚಕ್ರದ ಸೈಕಲಿನಲ್ಲಿ ಆ ಇಳಿಜಾರನ್ನು ಇಳಿದು ಬಂದ. ಕೆಳಗೆ ಅಂಗನವಾಡಿಯ ಮಗುವೊಂದನ್ನು ಕೈಹಿಡಿದು ನಡೆಸಿಕೊಂಡು ಅಜ್ಜಿಯೊಬ್ಬರು ಹೋಗುತ್ತಿದ್ದರು. ಹುಡುಗ ಕೂಗಿದ. ಅಜ್ಜಿಗೆ ಕಿವಿ ಮಂದ, ಕೇಳಲಿಲ್ಲ. ಅವನು ಹ್ಯಾಂಡಲನ್ನು ಗೋಡೆಯ ಕಡೆಗೆ ತಿರುಗಿಸಿದ. ಅಜ್ಜಿಗೂ ಮಗುವಿಗೂ ಏನೂ ಆಗಲಿಲ್ಲ. ಹುಡುಗನ ಬಲಗೈಯ ಎಲುಬು ಎರಡು ಕಡೆ ಮುರಿಯಿತು.

ಸೈಕಲನ್ನು ಎತ್ತಿ ನಿಲ್ಲಿಸಿ ನೋಡಿದೆವು. ಅದಕ್ಕೆ ಬ್ರೇಕೇ ಇರಲಿಲ್ಲ. ತುಂಡಾಗಿ ಬಿದ್ದುಹೋದದ್ದಲ್ಲ, ಅವನೇ ಸ್ಪ್ಯಾನರು ಹಿಡಿದು ಬಿಚ್ಚಿ ತೆಗೆದಿದ್ದ. ಮರುದಿನ ಅವನನ್ನು ನೋಡಲು ಹೋದಾಗ ಎಲ್ಲರಂತೆ ನಾವೂ ಬುದ್ಧಿ ಹೇಳಿದೆವು. ಅವನು ತಲೆತಗ್ಗಿಸಿ ಕೇಳಿಸಿಕೊಂಡ. ಕೊನೆಗೆ, "ಮಾಷ್ಟ್ರೇ, ಬಿ.ಎಂ.ಎಕ್ಸ್. ಓಡಿಸುವವರು ಬ್ರೇಕಿಲ್ಲದೆಯೇ ಓಡಿಸ್ತಾರಲ್ಲ, ಅವರು ಹೇಗೆ ನಿಲ್ಲಿಸ್ತಾರೆ?" ಎಂದು ಕೇಳಿದ.

ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಗೆ ಉತ್ತರ ಕೊಡದೆ ಬುದ್ಧಿ ಮಾತ್ರ ಹೇಳುವುದು ಅಧ್ಯಾಪಕರಾದವರಿಗೆ ಸಲ್ಲದು. ಕನ್ನಡ ಪಾಠ ಮಾಡುವ ನಾವು ಅಂದಿನಿಂದ ಈ ವಿಷಯವನ್ನು ಓದಿದೆವು, ನೋಡಿದೆವು, ವಿಜ್ಞಾನದ ಅಧ್ಯಾಪಕರಲ್ಲಿ ಕೇಳಿ ತಿಳಿದೆವು. ತಿಳಿದುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಈ ಸೈಕಲು ಹುಟ್ಟಿದ ಬಗೆ

ಬಿ.ಎಂ.ಎಕ್ಸ್. ಎಂದರೆ ಬೈಸಿಕಲ್ ಮೋಟೋಕ್ರಾಸ್. ಮಣ್ಣಿನ ದಿಬ್ಬ ತಗ್ಗುಗಳಲ್ಲಿ ಮೋಟಾರು ಸೈಕಲ್ ಓಡಿಸುವ ಪಂದ್ಯಕ್ಕೆ ಮೋಟೋಕ್ರಾಸ್ ಎಂದು ಹೆಸರು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳು ಅದನ್ನು ನೋಡಿ, ಮೋಟಾರು ಇಲ್ಲದಿದ್ದರೇನಂತೆ ಎಂದು ತಮ್ಮ ಸೈಕಲುಗಳನ್ನೇ ಮಣ್ಣಿಗಿಳಿಸಿದರು. ಷ್ವಿನ್ ಎಂಬ ಕಂಪೆನಿ 1963ರಲ್ಲಿ ಸ್ಟಿಂಗ್ ರೇ ಎಂಬ 20 ಇಂಚು ಚಕ್ರದ ಸೈಕಲನ್ನು ಮಾರುಕಟ್ಟೆಗೆ ತಂದಿತ್ತು. ಮಕ್ಕಳ ಕೈಗೆ ಸಿಕ್ಕಿದ್ದು ಅದು. 1970ರಲ್ಲಿ ಲಾಂಗ್ ಬೀಚ್ ನಗರದಲ್ಲಿ ಸ್ಕಾಟ್ ಬ್ರೈಟ್‌ಹಾಪ್ಟ್ ಎಂಬ ಹುಡುಗ ತನ್ನ ಓರಗೆಯವರನ್ನು ಸೇರಿಸಿ ಪಂದ್ಯ ನಡೆಸಿದ. 1971ರಲ್ಲಿ ತೆರೆಕಂಡ 'ಆನ್ ಎನಿ ಸಂಡೇ' ಎಂಬ ಚಲನಚಿತ್ರದ ಆರಂಭದಲ್ಲಿ ಇಂಥ ಮಕ್ಕಳ ದೃಶ್ಯವಿದ್ದುದರಿಂದ ಆಟ ಊರೂರಿಗೆ ಹಬ್ಬಿತು.

ಮುಂದೆ ಇದು ಎರಡು ಕವಲಾಯಿತು. ಒಂದು ಓಟದ ಪಂದ್ಯ. ಎತ್ತರದ ದಿಬ್ಬದಿಂದ ಎಂಟು ಮಂದಿ ಒಟ್ಟಿಗೆ ಹೊರಟು, ದಿಣ್ಣೆಗಳನ್ನು ಹಾರಿ, ತಿರುವುಗಳನ್ನು ದಾಟಿ ಗುರಿ ಮುಟ್ಟುವುದು. ಇನ್ನೊಂದು ಫ್ರೀಸ್ಟೈಲ್, ಅಂದರೆ ಸೈಕಲಿನ ಕಸರತ್ತು. ಬಾಬ್ ಹಾರೋ ಎಂಬವರು 1970ರ ದಶಕದ ಕೊನೆಯಿಂದ ಇದನ್ನು ಜನಪ್ರಿಯಗೊಳಿಸಿದರು. ಓಟದ ಪಂದ್ಯ 2008ರಲ್ಲಿ ಬೀಜಿಂಗಿನಲ್ಲಿ ಒಲಿಂಪಿಕ್ಸ್ ಸೇರಿತು. ಫ್ರೀಸ್ಟೈಲ್ ಸೇರಿದ್ದು 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಅಂತಾರಾಷ್ಟ್ರೀಯ ನಿಯಮದಂತೆ ಓಟದ ಪಂದ್ಯದ ಬಿ.ಎಂ.ಎಕ್ಸ್. ಸೈಕಲಿಗೆ ಹಿಂದಿನ ಚಕ್ರದ ಬ್ರೇಕ್ ಇರಲೇಬೇಕು. ವೇಗವೇ ಗೆಲುವಾಗಿರುವ ಕಡೆಯಲ್ಲಿ ಬ್ರೇಕ್ ಕಡ್ಡಾಯ. ಅದನ್ನು ಬಿಚ್ಚುವವರು ಕಸರತ್ತಿನವರು.

ಅವರು ಬಿಚ್ಚುವುದೇಕೆ?

ಕಸರತ್ತಿನಲ್ಲಿ ಹ್ಯಾಂಡಲನ್ನು ಗಾಳಿಯಲ್ಲಿಯೇ ಪೂರ್ತಿ ಒಂದು ಸುತ್ತು ತಿರುಗಿಸುವುದುಂಟು. ಹ್ಯಾಂಡಲನ್ನು ಹಿಡಿದುಕೊಂಡು ಸೈಕಲಿನ ಉಳಿದ ಭಾಗವನ್ನೆಲ್ಲ ಅದರ ಸುತ್ತ ತಿರುಗಿಸುವುದೂ ಉಂಟು. ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಬ್ರೇಕಿನ ಕೇಬಲ್ ಇದ್ದರೆ ಅದು ಬಾವಿಯ ಹಗ್ಗ ರಾಟೆಗೆ ಸುತ್ತಿದಂತೆ ಸುತ್ತಿಕೊಳ್ಳುತ್ತದೆ. ಮೊದಲ ಕಾರಣ ಇದು. ಬಿದ್ದಾಗಲೆಲ್ಲ ಕೇಬಲ್ ಹಾಳಾಗುತ್ತದೆ ಎಂಬುದು ಎರಡನೆಯದು. ಬ್ರೇಕಿಲ್ಲದ ಸೈಕಲು ನೋಡಲು ಚೆಂದ, ಬ್ರೇಕಿಲ್ಲದವನು ಧೀರ ಎಂಬ ಹೆಮ್ಮೆ ಮೂರನೆಯದು.

ಮೊದಲನೆಯ ಕಾರಣಕ್ಕೆ ಪರಿಹಾರ ಸಿಕ್ಕಿ ದಶಕಗಳೇ ಆದವು. 1980ರ ದಶಕದಲ್ಲಿ ಬ್ರಯಾನ್ ಸ್ಕೂರಾ ಎಂಬವರು ಗೈರೋ ಎಂಬ ಸಾಧನವನ್ನು ರೂಪಿಸಿದರು. ಹ್ಯಾಂಡಲಿನ ಬುಡದಲ್ಲಿ ತಿರುಗುವ ಬಳೆಯಂಥ ಈ ಸಾಧನದಿಂದ ಹ್ಯಾಂಡಲು ಎಷ್ಟು ಸುತ್ತು ತಿರುಗಿದರೂ ಕೇಬಲ್ ಸುತ್ತಿಕೊಳ್ಳುವುದಿಲ್ಲ. ಆದ್ದರಿಂದ ನುರಿತವರಲ್ಲಿಯೂ ಎರಡು ಪಂಗಡಗಳಿವೆ. ದಿಬ್ಬದ ಅಂಚಿನಲ್ಲಿ ಹಿಂದಿನ ಚಕ್ರವನ್ನು ಬಿಗಿಹಿಡಿದು ಕ್ಷಣಕಾಲ ನಿಲ್ಲುವಂಥ ಕೆಲವು ಕಸರತ್ತುಗಳಿಗೆ ಬ್ರೇಕೇ ಆಧಾರ. ಅಂಥವುಗಳನ್ನು ಇಷ್ಟಪಡುವವರು ಬ್ರೇಕನ್ನು ಇಟ್ಟುಕೊಳ್ಳುತ್ತಾರೆ.

ಬ್ರೇಕಿಲ್ಲದವರು ನಿಲ್ಲುವ ಬಗೆ

ಈಗ ಹುಡುಗನ ಪ್ರಶ್ನೆಗೆ ಬರೋಣ. ಬ್ರೇಕಿಲ್ಲದ ಸವಾರ ಮೂರು ಬಗೆಯಲ್ಲಿ ವೇಗ ಕಳೆಯುತ್ತಾನೆ.

ಒಂದು, ಏರು. ಕಸರತ್ತಿನ ಅಂಗಣ ಬಾಣಲೆಯಂತಿರುತ್ತದೆ. ಇಳಿದವನ ಎದುರಿಗೆ ಯಾವಾಗಲೂ ಒಂದು ಏರು ಇದ್ದೇ ಇರುತ್ತದೆ. ಏರಿದಂತೆ ವೇಗ ತಾನಾಗಿ ಕುಗ್ಗುತ್ತದೆ. ಅಲ್ಲಿ ಬ್ರೇಕ್ ಸೈಕಲಿನಲ್ಲಿಲ್ಲ, ನೆಲದಲ್ಲಿದೆ.

ಎರಡು, ಕಾಲು. ಹಿಂದಿನ ಟಯರಿಗೆ ಪಾದರಕ್ಷೆಯ ಅಡಿಯನ್ನು ಒತ್ತುವುದು ಅಥವಾ ಕಾಲನ್ನು ನೆಲಕ್ಕೆ ಎಳೆಯುವುದು. ನಮ್ಮ ನೆರೆಯ ಮಲಯಾಳದಲ್ಲಿ 'ಬ್ರೇಕ್ ಚವಿಟ್ಟು' ಎನ್ನುತ್ತಾರೆ, ಬ್ರೇಕನ್ನು ತುಳಿ ಎಂದರ್ಥ. ಇವರು ಟಯರನ್ನೇ ತುಳಿಯುತ್ತಾರೆ.

ಮೂರು, ಮುಂದಾಲೋಚನೆ. ಎಲ್ಲಿ ತಿರುಗಬೇಕು, ಎಲ್ಲಿ ಏರಬೇಕು, ತಪ್ಪಿದರೆ ಎತ್ತ ಬೀಳಬೇಕು ಎಂಬುದನ್ನು ಅವರು ಹೊರಡುವ ಮೊದಲೇ ಲೆಕ್ಕ ಹಾಕಿರುತ್ತಾರೆ. ಆ ಅಂಗಣವನ್ನು ನೂರಾರು ಸಲ ಸುತ್ತಿರುತ್ತಾರೆ. ತಲೆಗೆ ಹೆಲ್ಮೆಟ್ ತೊಟ್ಟಿರುತ್ತಾರೆ. ನಾವು ಮೊಬೈಲಿನಲ್ಲಿ ನೋಡುವ ಅರ್ಧ ನಿಮಿಷದ ಚಿತ್ರದಲ್ಲಿ ಈ ವರ್ಷಗಳ ಅಭ್ಯಾಸ ಕಾಣಿಸುವುದಿಲ್ಲ.

ಲೆಕ್ಕ ಏನು ಹೇಳುತ್ತದೆ?

ಇದೇ ಸೈಕಲು ನಮ್ಮ ಇಳಿಜಾರಿಗೆ ಬಂದರೆ ಏನಾಗುತ್ತದೆ? ಸುಲಭವಾದ ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಅಪಾಯ ಕಂಡು ಕೈಕಾಲು ಚುರುಕಾಗಲು 1 ಸೆಕೆಂಡು ಬೇಕು ಎಂದಿಟ್ಟುಕೊಂಡರೆ ಅಷ್ಟರಲ್ಲಿಯೇ 5 ಮೀಟರ್ ಸಾಗಿರುತ್ತೇವೆ. ಇದು ಬ್ರೇಕ್ ಇದ್ದವನಿಗೂ ಇಲ್ಲದವನಿಗೂ ಸಮಾನ.

ಸಮತಟ್ಟಾದ ಒಣ ದಾರಿಯಲ್ಲಿ ಎರಡು ಒಳ್ಳೆಯ ಬ್ರೇಕುಗಳು ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗವನ್ನು ಕುಗ್ಗಿಸುತ್ತವೆ ಎನ್ನೋಣ. ಒಂದು ಸೆಕೆಂಡಿನಲ್ಲಿ ಸೈಕಲು ನಿಲ್ಲುತ್ತದೆ. ಸರಾಸರಿ ವೇಗ 2.5 ಮೀಟರ್, ಆದ್ದರಿಂದ ಸಾಗುವ ದೂರ 2.5 ಮೀಟರ್. ಕಾಲಿನಿಂದ ಒತ್ತಿದಾಗ ಪ್ರತಿ ಸೆಕೆಂಡಿಗೆ 1 ಮೀಟರಿನಷ್ಟು ಮಾತ್ರ ವೇಗ ಕುಗ್ಗುತ್ತದೆ ಎನ್ನೋಣ. ನಿಲ್ಲಲು 5 ಸೆಕೆಂಡು ಬೇಕು, ದೂರ 12.5 ಮೀಟರ್.

ಈಗ ಇಳಿಜಾರಿಗೆ ಬನ್ನಿ. 10 ಮೀಟರ್ ಹೋದರೆ 1 ಮೀಟರ್ ಇಳಿಯುವ ದಾರಿಯಲ್ಲಿ ಗುರುತ್ವಾಕರ್ಷಣೆಯೇ ಪ್ರತಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ವೇಗವನ್ನು ಕೂಡಿಸುತ್ತದೆ. ಬ್ರೇಕ್ ಇದ್ದವನಿಗೆ 5ರಲ್ಲಿ 1 ಕಳೆದು 4 ಉಳಿಯಿತು. ಅವನು 3 ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ ನಿಲ್ಲುತ್ತಾನೆ. ಕಾಲನ್ನೇ ನಂಬಿದವನಿಗೆ 1ರಲ್ಲಿ 1 ಕಳೆದು ಉಳಿದದ್ದು ಸೊನ್ನೆ. ಕಾಲು ಎಷ್ಟು ಹೊತ್ತು ಒತ್ತಿದರೂ ವೇಗ ಇದ್ದಷ್ಟೇ ಇರುತ್ತದೆ. ಇಳಿಜಾರು ಮುಗಿಯುವವರೆಗೆ ಅವನು ನಿಲ್ಲುವುದೇ ಇಲ್ಲ. ಆ ಸಂಜೆ ನಮ್ಮ ಹುಡುಗನಿಗೆ ಆದದ್ದು ಇದೇ. ಅವನು ಕಾಲು ಒತ್ತಿಯೇ ಇದ್ದ. ಅವನ ಚಪ್ಪಲಿಯ ಅಡಿ ಸವೆದು ಹೋದದ್ದನ್ನು ನಾವೇ ಕಂಡಿದ್ದೇವೆ. ಅವನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಲೆಕ್ಕ ಅವನ ಪರವಾಗಿರಲಿಲ್ಲ.

ಇನ್ನೊಂದು ಮಾತು. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ಇಮ್ಮಡಿಯಲ್ಲ, ನಾಲ್ಕು ಮಡಿ. ಮಳೆಯಲ್ಲಿ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರು ಜಾರುತ್ತದೆ, ದೂರ ಮತ್ತಷ್ಟು ಬೆಳೆಯುತ್ತದೆ. ನಮ್ಮ ಕಾಸರಗೋಡಿನ ಜಡಿಮಳೆಯಲ್ಲಿ ಬ್ರೇಕ್ ಇದ್ದವರೂ ಮೆಲ್ಲನೆ ಇಳಿಯಬೇಕಾದ್ದು ಇದಕ್ಕಾಗಿ. ಬ್ರೇಕ್ ಹಿಡಿದಾಗ ದೇಹದ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೆ ಶಕ್ತಿ ಹೆಚ್ಚು. ಆದರೆ ಅದೊಂದನ್ನೇ ಫಕ್ಕನೆ ಬಿಗಿಹಿಡಿದರೆ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬೀಳುತ್ತೇವೆ. ಎರಡನ್ನೂ ಒಟ್ಟಿಗೆ, ಹದವಾಗಿ ಹಿಡಿಯುವುದು ಸರಿಯಾದ ಕ್ರಮ.

ಸ್ಥಳವನ್ನು ನೋಡಿ ತೀರ್ಮಾನ

ಹಾಗಾದರೆ ಬ್ರೇಕಿಲ್ಲದಿರುವುದು ಎಲ್ಲಿಯೂ ತಪ್ಪೇ? ಹಾಗಲ್ಲ. ಒಳಾಂಗಣದ ಅಂಡಾಕಾರದ ಹಾದಿಯಲ್ಲಿ ನಡೆಯುವ ಟ್ರ್ಯಾಕ್ ಸೈಕಲ್ ಪಂದ್ಯಗಳಲ್ಲಿ ಬ್ರೇಕ್ ಇರುವುದೇ ನಿಷಿದ್ಧ. ಅಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಂತೆ ಸಾಗುತ್ತಾರೆ. ಮುಂದಿನವನು ಥಟ್ಟನೆ ನಿಲ್ಲಿಸಿದರೆ ಹಿಂದಿನವರೆಲ್ಲ ಅವನ ಮೇಲೆ ಬೀಳುತ್ತಾರೆ. ಯಾರಲ್ಲಿಯೂ ಬ್ರೇಕಿಲ್ಲ ಎಂಬ ಸಂಗತಿ ಅಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ಒಪ್ಪಿಯೇ ಒಳಗೆ ಬಂದವರು.

ದಾರಿಯ ವಿಷಯ ಹಾಗಲ್ಲ. ದಾರಿಯಲ್ಲಿ ಕಿವಿ ಮಂದವಾದ ಅಜ್ಜಿ ಇರುತ್ತಾರೆ, ಮಗು ಇರುತ್ತದೆ, ಹಗ್ಗ ಬಿಚ್ಚಿಕೊಂಡ ಕರು ಇರುತ್ತದೆ. ನಮ್ಮ ಸೈಕಲಿಗೆ ಬ್ರೇಕಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ, ಅವರು ಅದಕ್ಕೆ ಒಪ್ಪಿಯೂ ಇಲ್ಲ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕಿಲ್ಲದ ಟ್ರ್ಯಾಕ್ ಸೈಕಲನ್ನು ಬೀದಿಯಲ್ಲಿ ಓಡಿಸುತ್ತಿದ್ದ 18 ವರ್ಷದ ತರುಣನೊಬ್ಬ ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದ. ಆಕೆ ಇಬ್ಬರು ಮಕ್ಕಳ ತಾಯಿ. ಆಕೆ ತೀರಿಕೊಂಡಳು. 2017ರಲ್ಲಿ ಅವನಿಗೆ 18 ತಿಂಗಳ ಶಿಕ್ಷೆಯಾಯಿತು. ಅದೇ ಸೈಕಲು ಪಂದ್ಯದ ಅಂಗಣದಲ್ಲಿ ನಿಯಮಕ್ಕೆ ಸರಿಯಾದದ್ದು, ಬೀದಿಯಲ್ಲಿ ಕಾನೂನಿಗೆ ವಿರುದ್ಧವಾದದ್ದು.

ನಮ್ಮ ಭಾಷೆಯನ್ನು ನೋಡಿ. ಕುದುರೆಗೆ ಕಡಿವಾಣ, ಎತ್ತಿಗೆ ಮೂಗುದಾರ, ಆನೆಗೆ ಅಂಕುಶ. ಬಲವುಳ್ಳದ್ದನ್ನು ಊರಿನೊಳಗೆ ತರುವಾಗ ಅದನ್ನು ತಡೆಯುವ ಸಾಧನಕ್ಕೂ ನಮ್ಮ ಹಿರಿಯರು ಒಂದು ಹೆಸರಿಟ್ಟರು. ಕಡಿವಾಣ ಹಾಕಿದ ಕುದುರೆಯನ್ನು ಹೇಡಿ ಎಂದು ಯಾರೂ ಕರೆಯಲಿಲ್ಲ. ಬ್ರೇಕ್ ನಮ್ಮ ಸೈಕಲಿನಲ್ಲಿದ್ದರೂ ಅದರ ಅರ್ಧ ಪಾಲು ದಾರಿಯಲ್ಲಿ ನಡೆಯುವವರದ್ದು. ಅವರ ಪಾಲನ್ನು ಬಿಚ್ಚಿ ತೆಗೆಯುವ ಹಕ್ಕು ನಮಗಿಲ್ಲ.

ಆ ಹುಡುಗ ಈಗ ಗುಣಮುಖನಾಗಿದ್ದಾನೆ. ಕೈ ಪೂರ್ತಿ ಮಡಚಲು ಇನ್ನೂ ಸ್ವಲ್ಪ ಕಷ್ಟ. ಈ ಲೆಕ್ಕವನ್ನು ಅವನ ಮುಂದೆಯೇ ಕರಿಹಲಗೆಯಲ್ಲಿ ಮಾಡಿ ತೋರಿಸಿದೆವು. ಸೊನ್ನೆ ಬಂದ ಸಾಲನ್ನು ಅವನು ಬಹಳ ಹೊತ್ತು ನೋಡುತ್ತಾ ನಿಂತ. ಕಳೆದ ವರ್ಷ ಶಾಲೆ ಆರಂಭವಾಗುವ ಮುನ್ನ ತನ್ನ ಸೈಕಲಿಗೆ ತಾನೇ ಬ್ರೇಕ್ ಜೋಡಿಸಿದ. ಕೆಳಗಿನ ತರಗತಿಯ ಇಬ್ಬರ ಸೈಕಲುಗಳಿಗೂ ಹೊಸ ರಬ್ಬರು ಹಾಕಿಕೊಟ್ಟ. ಅಂಗಣದಲ್ಲಿ ಕಸರತ್ತು ಕಲಿಯುವ ಆಸೆ ಅವನಿಗೆ ಈಗಲೂ ಇದೆ. ಇರಲಿ. ಆಸೆ ತಪ್ಪಲ್ಲ.

ಅಭ್ಯಾಸಕ್ಕಾಗಿ

1. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಇಳಿಜಾರುಗಳೆಷ್ಟು? ಅವುಗಳ ಕೊನೆಯಲ್ಲಿ ಏನಿದೆ? ಒಂದು ನಕ್ಷೆ ಬರೆಯಿರಿ.

2. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವ ಸೈಕಲನ್ನು ಸಮತಟ್ಟಾದ ದಾರಿಯಲ್ಲಿ ಎರಡು ಬ್ರೇಕುಗಳಿಂದ ಎಷ್ಟು ದೂರದಲ್ಲಿ ನಿಲ್ಲಿಸಬಹುದು? ಮೇಲಿನ ಕ್ರಮದಲ್ಲಿ ಲೆಕ್ಕ ಮಾಡಿರಿ.

3. ನಿಮ್ಮ ಸೈಕಲಿನ ಬ್ರೇಕ್ ರಬ್ಬರುಗಳನ್ನು ಇಂದು ಸಂಜೆಯೇ ನೋಡಿರಿ. ಸವೆದಿದ್ದರೆ ಮನೆಯಲ್ಲಿ ತಿಳಿಸಿ ಬದಲಾಯಿಸಿರಿ. ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕದಲ್ಲಿ ಬರೆಯಬೇಕಾಗಿಲ್ಲ.