ನಾತಾನನ ಕಥೆಯಲ್ಲಿರುವ ಕುರಿಮರಿ

ಓದತಕ್ಕ ವೇದಭಾಗ: 2 ಸಮುವೇಲ 11:1 ರಿಂದ 12:15ರ ವರೆಗೆ

ಸತ್ಯವೇದದ ಕಥೆಗಳನ್ನು ಓದುವಾಗ ಅವುಗಳಲ್ಲಿ ಏನು ಹೇಳಿದೆ ಎಂಬದನ್ನು ವಿಚಾರಿಸುತ್ತೇವೆ. ಹೇಗೆ ಹೇಳಿದೆ ಎಂಬದನ್ನು ವಿಚಾರಿಸುವದು ಅಪರೂಪ. ಅದು ಪಂಡಿತರ ಕೆಲಸ, ಭಕ್ತರಿಗೆ ಅದರಿಂದ ಪ್ರಯೋಜನವಿಲ್ಲವೆಂದು ಕೆಲವರು ಎಣಿಸುತ್ತಾರೆ. ಆದರೆ ದಾವೀದನ ಪಾಪವನ್ನು ತಿಳಿಸುವ ಈ ಭಾಗದಲ್ಲಿ ಹೇಳುವ ರೀತಿಯೇ ಉಪದೇಶದ ಅರ್ಧವಾಗಿದೆ. ಮೂರು ಸಂಗತಿಗಳನ್ನು ಗಮನಿಸೋಣ.

ಮೊದಲನೆಯದು, ಒಂದೇ ಮಾತು ತಿರಿಗಿ ತಿರಿಗಿ ಬರುವದು. ಅರಸನು ಯೋವಾಬನನ್ನು ಯುದ್ಧಕ್ಕೆ ಕಳುಹಿಸಿ ತಾನು ಯೆರೂಸಲೇಮಿನಲ್ಲಿ ಉಳಿಯುತ್ತಾನೆ. ಸ್ತ್ರೀಯು ಯಾರೆಂದು ತಿಳಿಯುವದಕ್ಕೆ ಕಳುಹಿಸುತ್ತಾನೆ. ಅವಳನ್ನು ತರುವದಕ್ಕೆ ಕಳುಹಿಸುತ್ತಾನೆ. ಅವಳ ಗಂಡನನ್ನು ಕಳುಹಿಸೆಂದು ದಂಡಿಗೆ ಹೇಳಿಕಳುಹಿಸುತ್ತಾನೆ. ಕಡೆಗೆ ಊರೀಯನ ಮರಣದ ಪತ್ರವನ್ನು ಊರೀಯನ ಕೈಯಲ್ಲಿಯೇ ಕಳುಹಿಸುತ್ತಾನೆ. ಇಬ್ರಿಯ ಮೂಲದಲ್ಲಿ 11ನೆಯ ಅಧ್ಯಾಯದೊಳಗೆ ಈ ಕ್ರಿಯಾಪದವು 12 ಸಾರಿ ಬಂದಿದೆ. ಕರೆಯಿಸಿದನು, ತರಿಸಿದನು ಎಂಬಂಥ ಮಾತುಗಳು ನಮ್ಮ ಭಾಷೆಗೆ ಸಹಜವಾದದರಿಂದ ಈ ಪುನರುಕ್ತಿಯು ನಮ್ಮ ಕಿವಿಗೆ ಬೀಳದೆ ಹೋಗಬಹುದು. ಕುಳಿತಲ್ಲಿಂದಲೇ ಎಲ್ಲರನ್ನೂ ನಡಿಸುವವನ ಅಧಿಕಾರವು ಅದರಲ್ಲಿ ಕಾಣುತ್ತದೆ. ಆದರೆ 12ನೆಯ ಅಧ್ಯಾಯದ ಮೊದಲನೆಯ ವಚನದಲ್ಲಿ ಕಳುಹಿಸುವವನು ಬೇರೆ: ಯೆಹೋವನು ನಾತಾನನನ್ನು ಕಳುಹಿಸುತ್ತಾನೆ. ಅರಸನ ಮೇಲೆಯೂ ಕಳುಹಿಸುವವನೊಬ್ಬನು ಇದ್ದಾನೆಂಬದು ಆ ಒಂದೇ ಮಾತಿನಿಂದ ತಿಳಿದುಬರುತ್ತದೆ.

ಎರಡನೆಯದು, ಬರೆದವನ ಮೌನ. ಅವನು ದಾವೀದನನ್ನು ಬೈಯುವದಿಲ್ಲ. ಬತ್ಷೆಬೆಯ ಮನಸ್ಸಿನ ವ್ಯಥೆಯನ್ನು ವರ್ಣಿಸುವದಿಲ್ಲ. ಊರೀಯನಿಗೆ ಸಂಗತಿಯು ಗೊತ್ತಿತ್ತೋ ಇಲ್ಲವೋ ಎಂಬದನ್ನೂ ತಿಳಿಸುವದಿಲ್ಲ. ಊರೀಯನ ಮಾತನ್ನು ಮಾತ್ರ ನಮ್ಮ ಮುಂದೆ ಇಡುತ್ತಾನೆ. ಮಂಜೂಷವೂ ಸೈನ್ಯವೂ ಬೈಲಿನಲ್ಲಿರುವಾಗ ತಾನು ಮನೆಗೆ ಹೋಗಿ ತಿಂದು ಕುಡಿದು ಹೆಂಡತಿಯ ಸಂಗಡ ಮಲಗುವದು ಹೇಗೆಂದು ಆ ಹಿತ್ತಿಯನು ಕೇಳುತ್ತಾನೆ. ಪರಜನಾಂಗದವನಾದ ಸಿಪಾಯಿಯೂ ಇಸ್ರಾಯೇಲ್ಯರ ಅರಸನೂ ಅಕ್ಕಪಕ್ಕದಲ್ಲಿ ನಿಂತಿದ್ದಾರೆ. ಹೋಲಿಸಿ ನೋಡುವ ಕೆಲಸವು ಓದುವವನಿಗೆ ಬಿಟ್ಟದ್ದು. ಈ ಕೃತ್ಯವು ದೇವರಿಗೆ ಕೆಟ್ಟದ್ದಾಗಿ ಕಂಡಿತೆಂಬದು ಅಧ್ಯಾಯದ ಕಟ್ಟಕಡೆಗೆ ಮಾತ್ರ ಬರುತ್ತದೆ.

ಮೂರನೆಯದು, ಕಥೆಯೊಳಗಿನ ಕಥೆ. ಬಡವನಿಗೆ ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ತುತ್ತಿನಲ್ಲಿ ತಿನ್ನುತ್ತದೆ, ಅವನ ಪಾತ್ರೆಯಲ್ಲಿ ಕುಡಿಯುತ್ತದೆ, ಅವನ ಎದೆಯಲ್ಲಿ ಮಲಗುತ್ತದೆ. ತಿನ್ನುವದು, ಕುಡಿಯುವದು, ಮಲಗುವದು: ಊರೀಯನು ನುಡಿದ ಮೂರು ಮಾತುಗಳು ಇವೇ ಅಲ್ಲವೇ? ಹಿಂಡುಗಳುಳ್ಳ ಐಶ್ವರ್ಯವಂತನು ಆ ಮರಿಯನ್ನು ತಕ್ಕೊಂಡನೆನ್ನುವಾಗ, ದಾವೀದನು ಬತ್ಷೆಬೆಯನ್ನು ತಕ್ಕೊಂಡದ್ದಕ್ಕೆ ಮೂಲದಲ್ಲಿರುವ ಕ್ರಿಯಾಪದವೇ ಇಲ್ಲಿಯೂ ಇದೆ. ಸುಳುಹುಗಳು ಇಷ್ಟಿದ್ದರೂ ಅರಸನು ಗುರುತಿಸಲಿಲ್ಲ. ಕೋಪದಿಂದ ಉರಿದು, ಆ ಮನುಷ್ಯನು ಮರಣಕ್ಕೆ ಪಾತ್ರನು, ಒಂದಕ್ಕೆ ನಾಲ್ಕು ಕೊಡಬೇಕು ಎಂದು ತೀರ್ಪುಕೊಟ್ಟನು. ಕದ್ದು ಕೊಯ್ದ ಕುರಿಗೆ ನಾಲ್ಕು ಕುರಿಗಳೆಂಬದು ಮೋಶೆಯ ಧರ್ಮಶಾಸ್ತ್ರದ ವಿಧಿಯೇ (ವಿಮೋಚನಕಾಂಡ 22:1). ಶಾಸ್ತ್ರವು ಅವನಿಗೆ ತಿಳಿಯದೆ ಇರಲಿಲ್ಲ. ಅವನ ಮನೆಯ ಹೊಸ್ತಿಲನ್ನು ಮಾತ್ರ ಅದು ದಾಟಿರಲಿಲ್ಲ. ಆಗ ಪ್ರವಾದಿಯು ಆ ಮನುಷ್ಯನು ಅರಸನೇ ಎಂದು ತಿಳಿಸಿದನು.

ನಾತಾನನು ಬಂದಕೂಡಲೆ ದೋಷಾರೋಪಣೆಯನ್ನು ಮಾಡಿದ್ದರೆ ಅರಸನ ಬಳಿಯಲ್ಲಿ ಉತ್ತರವು ಸಿದ್ಧವಾಗಿತ್ತು. ಯುದ್ಧದಲ್ಲಿ ಕತ್ತಿಯು ಯಾರನ್ನಾದರೂ ನುಂಗುವದೆಂದು ಯೋವಾಬನಿಗೆ ಮೊದಲೇ ಹೇಳಿಕಳುಹಿಸಿದ್ದನಲ್ಲಾ. ತನ್ನ ಬಾಯಿಂದಲೇ ತೀರ್ಪು ಹೊರಟ ಮೇಲೆ ಯಾವ ನೆವವೂ ಉಳಿಯಲಿಲ್ಲ. ಅಷ್ಟೊಂದು ಅಪ್ಪಣೆಗಳನ್ನು ಕೊಟ್ಟವನ ಪಾಪನಿವೇದನೆಯು ಮೂಲದಲ್ಲಿ ಎರಡೇ ಶಬ್ದಗಳು. ಕ್ಷಮೆಯೂ ಆಗಲೇ ದೊರೆಯಿತು. ಪಾಪದ ಫಲವಾದರೋ ಅವನ ಮನೆಯನ್ನು ಬಿಟ್ಟುಹೋಗಲಿಲ್ಲ.

ಆದದರಿಂದ ಸಭೆಯಲ್ಲಿ ಈ ಭಾಗವನ್ನು ಓದಿ ಹೇಳುವವರು ನೀತಿಯನ್ನು ಮೊದಲೇ ಹೇಳಿ ಮುಗಿಸಬಾರದು. ಕೇಳುವವರು ಐಶ್ವರ್ಯವಂತನ ಮೇಲೆ ಮೊದಲು ಕೋಪಗೊಳ್ಳಲಿ. ನೆರೆಯವನ ಹೊಲದ ಬದುವನ್ನು ಸರಿಸಿದವನೂ, ಸಾಲದ ನೆವದಿಂದ ವಿಧವೆಯ ಎಮ್ಮೆಯನ್ನು ಹೊಡಕೊಂಡುಹೋದವನೂ ಆ ಕೋಪದಲ್ಲಿ ಪಾಲುಗಾರರಾಗಲಿ. ಬಳಿಕ ವಾಕ್ಯವೇ ಅವರ ಕಡೆಗೆ ತಿರುಗುವದು. ಹೇಳುವವನ ಕಡೆಗೂ ತಿರುಗುವದು, ಯಾಕಂದರೆ ಪರರ ಪಾಪಕ್ಕೆ ಬೇಗ ತೀರ್ಪುಕೊಡುವ ಅಭ್ಯಾಸವು ಉಪದೇಶಿಗಳಾದ ನಮ್ಮಲ್ಲಿಯೇ ಹೆಚ್ಚು.

ಆಲೋಚನೆಗೆ ಪ್ರಶ್ನೆಗಳು:
1. 11ನೆಯ ಅಧ್ಯಾಯದಲ್ಲಿ ಯಾರು ಯಾರನ್ನು ಯಾವ ಕಾರ್ಯಕ್ಕೆ ಕಳುಹಿಸಿದರು?
2. ನಾತಾನನು ತನ್ನ ಕಥೆಯಲ್ಲಿ ಯಾರ ಹೆಸರನ್ನೂ ಹೇಳದೆ ಇದ್ದದ್ದು ಯಾಕೆ?
3. ಈ ವಾರದಲ್ಲಿ ನಾನು ಯಾರ ಮೇಲೆ ತೀರ್ಪುಕೊಟ್ಟೆನು? ಅದು ನನಗೂ ಸಲ್ಲುವದೋ?