ಅಂಚಿನ ಬೇಡದ ಗೆರೆ

ನಾಗಾವಿ ಯಲ್ಲಮ್ಮನ ಜಾತ್ರೆಗೋ ಕೊತ್ತಲ ಬಸವೇಶ್ವರರ ರಥೋತ್ಸವಕ್ಕೋ ಬ್ಯಾನರ್ ಮಾಡುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಡಿಸೈನರ್ ತಮ್ಮಂದಿರೇ, ತಂಗಿಯರೇ, ನಿಮಗೊಂದು ಮಾತು. ಫೋಟೊಶಾಪ್‌ನಲ್ಲಿ ವೆಕ್ಟರ್ ಮಾಸ್ಕ್ ಹಾಕಿದ ಚಿತ್ರದ ಸುತ್ತ ತೆಳ್ಳನೆಯ ಗೆರೆ ಕಂಡರೆ, ಗಾಬರಿಬಿದ್ದು ಮತ್ತೆ ಮೊದಲಿನಿಂದ ಕತ್ತರಿಸಲು ಕೂರಬೇಡಿ.

ಮೊದಲು ಕಂಟ್ರೋಲ್, ಶಿಫ್ಟ್, ಎಚ್ ಒಟ್ಟಿಗೆ ಒತ್ತಿ. ಗೆರೆ ಮಾಯವಾದರೆ ಅದು ಬರೀ ಪಾತ್, ಪ್ರಿಂಟಿನಲ್ಲಿ ಬರುವುದಿಲ್ಲ. ಹೋಗದಿದ್ದರೆ ಲೇಯರ್ ಪಕ್ಕದಲ್ಲಿ ಎಫ್‌ಎಕ್ಸ್ ಗುರುತಿದೆಯೇ ನೋಡಿ. ಸ್ಟ್ರೋಕ್ ಅಥವಾ ಗ್ಲೋ ಮಾಸ್ಕಿನ ಅಂಚಿಗೆ ಅಂಟಿಕೊಂಡಿರುತ್ತದೆ. ಬೇಡವಾದರೆ ಆಫ್ ಮಾಡಿ, ಅಷ್ಟೇ.

ನಿಜವಾಗಿ ಕಾಡುವುದು ಹಿನ್ನೆಲೆಯ ಬಣ್ಣ. ಬೆಳ್ಳನೆಯ ಆಕಾಶದ ಎದುರು ತೆಗೆದ ಮಳಖೇಡ ಕೋಟೆಯ ಫೋಟೊವನ್ನು ಕಡುಗೆಂಪಿನ ಮೇಲೆ ಇಡಿ: ಕಲ್ಲಿನ ಅಂಚಿನುದ್ದಕ್ಕೂ ಬಿಳಿ ದಾರ ಎದ್ದು ಕಾಣುತ್ತದೆ. ಪಾತ್ ಕಲ್ಲಿನ ಆಚೆಗೆ, ಆಕಾಶದೊಳಗೆ ಕಾಲಿಟ್ಟಿದೆ ಎಂದರ್ಥ. ಮಾಸ್ಕ್ ಆರಿಸಿ, ಡೈರೆಕ್ಟ್ ಸೆಲೆಕ್ಷನ್ ಟೂಲಿನಿಂದ ಆ ಬಿಂದುಗಳನ್ನು 1–2 ಪಿಕ್ಸೆಲ್ ಒಳಕ್ಕೆ ಎಳೆಯಿರಿ. ಫೆದರ್ ಏರಿಸಿ ಮುಚ್ಚಲು ಹೋಗಬೇಡಿ. ಬಿಳಿ ಹೋಗುವುದಿಲ್ಲ, ಅಂಚು ಮಾತ್ರ ಮಸುಕಾಗುತ್ತದೆ. ಫೆದರ್ ಸೊನ್ನೆಯಲ್ಲೇ ಇರಲಿ.

ನೇರ ಅಂಚಿನ ಚೌಕಗಳಲ್ಲಿ ಗೆರೆ ಬಂದರೆ ಪಾತ್ ಅರ್ಧ ಪಿಕ್ಸೆಲ್ ಮೇಲೆ ನಿಂತಿರಬಹುದು, ಪಿಕ್ಸೆಲ್ ಗ್ರಿಡ್‌ಗೆ ಸರಿಹೊಂದಿಸಿ. ಪ್ರತಿ ಸಲವೂ 100% ಝೂಮ್‌ನಲ್ಲೇ ಪರೀಕ್ಷಿಸಿ, ಕಡಿಮೆ ಝೂಮ್‌ನಲ್ಲಿ ಇಲ್ಲದ ಗೆರೆಯೂ ಕಾಣುವುದುಂಟು.